ಜೇಬಿನಲ್ಲಿ ಕರಿಮಣಿ

ಮನೆಯೊಳಗಿನ ಮಾತನ್ನು ಬೀದಿಗೆ ತರುವ ಗಂಡಸಿನ ಬಗ್ಗೆ ನನಗೇ ಒಳ್ಳೆಯ ಅಭಿಪ್ರಾಯವಿಲ್ಲ. ಆದ್ದರಿಂದ ಮೊದಲು ಕ್ಷಮೆ ಕೇಳಿಬಿಡುತ್ತೇನೆ. ಊರು ಬಿಟ್ಟು ಈ ಪರದೇಶಕ್ಕೆ ಬಂದು, ಹಗಲು ದುಡಿದು ಸಂಜೆ ತರಗತಿಗಳಲ್ಲಿ ಓದಿದವನು ನಾನು. ಅಲ್ಲಿ ಕಲಿಸಿದ್ದು ಗೇರ್‌ಬಾಕ್ಸಿನ ವಿಷಯ, ಕಥೆ ಬರೆಯುವುದನ್ನಲ್ಲ. ‘ನಾನು’ ಎಂದು ಬರೆಯಹೊರಟರೆ ಪ್ರತಿ ವಾಕ್ಯದಲ್ಲೂ ನನ್ನ ಪರವಾಗಿ ವಾದಿಸತೊಡಗುತ್ತೇನೆ ಎಂಬ ಹೆದರಿಕೆಯೂ ಇದೆ. ಅದಕ್ಕೆ ಅವನನ್ನು ಶೀನ ಎಂದು ಕರೆದು ಸ್ವಲ್ಪ ದೂರದಿಂದ ನೋಡುತ್ತೇನೆ. ಯಾರಿಗೂ ಗಾಯವಾಗದ, ಏನೂ ಕಳೆದುಹೋಗದ ಒಂದು ಶನಿವಾರ, ಒಂದು ಭಾನುವಾರ. ಇದನ್ನು ಹೇಳಬಾರದಿತ್ತು ಎನಿಸಿದರೆ ತಪ್ಪು ನನ್ನದು, ವಿಮಲಾಳದ್ದಲ್ಲ.

ಥೀಮ್ ಪಾರ್ಕಿನ ಆ ದೊಡ್ಡ ರೋಲರ್ ಕೋಸ್ಟರ್‌ಗಾಗಿ ಐವತ್ತು ನಿಮಿಷ ಕ್ಯೂ ನಿಂತು, ಇನ್ನೇನು ಹತ್ತು ಹೆಜ್ಜೆ ಇದೆ ಎನ್ನುವಾಗ, ನೀಲಿ ಟೀಶರ್ಟಿನ ಹುಡುಗಿಯೊಬ್ಬಳು ವಿಮಲಾಳ ಕೊರಳಿನತ್ತ ಕೈ ತೋರಿಸಿದಳು. “ಆಂಟಿ, ಚೈನ್ ಮಸ್ಟ್ ರಿಮೂವ್ ಆಹ್. ಲಾಂಗ್ ಒನ್ ಕೆನಾಟ್.” ಏರುವವರು ನಾಲ್ವರು: ಶೀನನ ಹೆಂಡತಿ ವಿಮಲಾ, ಹತ್ತು ವರ್ಷದ ಮಗಳು ಯಶ್ಮಿತಾ, ಗೆಳೆಯ ಉಮೇಶ, ಉಮೇಶನ ಮಗ ಸಿದ್ಧಾಂತ್. ಶೀನನ ಕುತ್ತಿಗೆಯ ಮೂಳೆ ಸವೆದಿದೆಯೆಂದು ಡಾಕ್ಟರು ಹೇಳಿದ್ದರು. ಉಮೇಶನ ಹೆಂಡತಿ ಪದ್ಮಿನಿ ತಾನು ಇಂಥದ್ದಕ್ಕೆಲ್ಲ ಬರುವವಳಲ್ಲ ಎಂದು ಬೆಳಿಗ್ಗೆಯೇ ಸಾರಿದ್ದಳು. ಹೀಗಾಗಿ ಬೆಳಿಗ್ಗೆಯಿಂದ ಶೀನ ಸಾಮಾನು ಕಾಯುವವನು. ಎರಡು ಹೆಗಲಿಗೆ ನಾಲ್ಕು ಬ್ಯಾಗು, ಕೈಯಲ್ಲಿ ಎರಡು ಟೊಪ್ಪಿ, ಶರ್ಟಿನ ಜೇಬಿನಲ್ಲಿ ಸಿದ್ಧಾಂತನ ಕನ್ನಡಕ, ಮಣಿಕಟ್ಟಿನಲ್ಲಿ ತನ್ನ ವಾಚಿನ ಮೇಲೆ ಉಮೇಶನ ವಾಚು. ಇಷ್ಟನ್ನು ಹೊತ್ತುಕೊಂಡೇ ಅವನು ಆ ಹುಡುಗಿಯ ಎದುರು ನಿಂತು, “ದಿಸ್ ಒನ್ ನಾಟ್ ಫ್ಯಾಷನ್. ದಿಸ್ ಇಸ್ ಮ್ಯಾರೇಜ್. ಕೆನಾಟ್ ಜಸ್ಟ್ ರಿಮೂವ್,” ಎಂದ. ತನ್ನ ದನಿ ಇಷ್ಟು ದೊಡ್ಡದಾಗಿ ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. “ಸಾರಿ ಅಂಕಲ್, ಸೇಫ್ಟಿ,” ಎಂದಳು ಹುಡುಗಿ. ಆ ‘ಸೇಫ್ಟಿ’ ಎಂಬ ಪದ ಅವನ ಸ್ವಂತದ್ದು. ಉಬಿಯಲ್ಲಿ ಅವನು ಕೆಲಸ ಮಾಡುವ ವರ್ಕ್‌ಶಾಪಿನಲ್ಲಿ, ಲೇತಿನ ಪಕ್ಕದ ಗೋಡೆಯ ಮೇಲೆ, ಉಂಗುರ, ಸರ, ದಾರ ಯಾವುದೂ ಇರಕೂಡದೆಂದು ಮೂರು ಭಾಷೆಗಳಲ್ಲಿ ಬರೆಸಿ ಅಂಟಿಸಿದವನು ಅವನೇ. ಕೈಗೆ ಕಟ್ಟಿದ ದೇವರ ದಾರ ಬಿಚ್ಚಲೊಲ್ಲದ ಹೊಸಬನೊಬ್ಬನಿಗೆ, ದೇವರು ಬೆರಳು ಮತ್ತೆ ಕೊಡುವುದಿಲ್ಲ ಎಂದು ಎಲ್ಲರೆದುರು ಹೇಳಿ ನಗಿಸಿದವನೂ ಅವನೇ. ಆದರೂ ವಾದ ನಿಲ್ಲಿಸಲಾಗಲಿಲ್ಲ. ಹಿಂದಿನವರು ಇಣುಕಿ ನೋಡತೊಡಗಿದರು. “ಪಪ್ಪಾ, ಸ್ಟಾಪ್ ಲಾ! ಎವ್ರಿಬಡಿ ಲುಕಿಂಗ್,” ಎಂದು ಯಶ್ಮಿತಾ ಅವನ ಅಂಗಿ ಜಗ್ಗಿದಳು. ಅಷ್ಟರಲ್ಲಿ ಇತ್ತ ವಿಮಲಾ ಕೆಲಸ ಮುಗಿಸಿಯಾಗಿತ್ತು.

ಅವಳು ತೆಗೆದ ರೀತಿಯೇ ಅವನ ಕಣ್ಣಿನಲ್ಲಿ ಉಳಿದದ್ದು. ಎಡಗೈಯ ಹೆಬ್ಬೆರಳನ್ನು ಹಿಂಗತ್ತಿನಲ್ಲಿ ಕರಿಮಣಿಯ ಕೆಳಗೆ ತೂರಿಸಿ, ಕೂದಲ ಗಂಟಿಗೆ ತಾಗದ ಹಾಗೆ ಒಂದೇ ಎಳೆತಕ್ಕೆ ತಲೆಯ ಮೇಲಿಂದ ಎತ್ತಿ, ಬೆರಳಿಗೆ ಮೂರು ಸುತ್ತು ಸುತ್ತಿ, ಅವನ ಪ್ಯಾಂಟಿನ ಜೇಬಿಗೆ ಇಳಿಸಿಬಿಟ್ಟಳು. ಕೈಯಲ್ಲಿ ಜಾಗವಿಲ್ಲವಲ್ಲ ಎಂದು ಜೇಬಿಗೆ. ಒಂದು ಮಣಿಯೂ ಸದ್ದು ಮಾಡಲಿಲ್ಲ, ಮುಖದಲ್ಲಿ ಏನೂ ಆಗಲಿಲ್ಲ. “ಸಾಕು ಮಾರಾಯ್ರೆ, ಪಾಪ ಅವಳ ಕೆಲಸ ಅವಳು ಮಾಡ್ತಾಳೆ,” ಎಂದು ಮಗಳ ಕೈ ಹಿಡಿದು ನಡೆದಳು. ಗೇಟು ದಾಟುತ್ತಾ ಉಮೇಶ ತಿರುಗಿ, “ಏನ್ ಶೀನಾ, ಐದ್ ನಿಮಿಷ ಬ್ಯಾಚುಲರ್ ನೀನು. ಎಂಜಾಯ್ ಮಾಡಪ್ಪ!” ಎಂದು ಕೂಗಿದ. ಕನ್ನಡ ಗೊತ್ತಿಲ್ಲದವರೂ ಅವನ ಕಣ್ಣು ಮಿಟುಕಿಸುವಿಕೆ ನೋಡಿ ನಕ್ಕರು.

ಏರದವರಿಗೆ, ಜೊತೆಗೇ ಕ್ಯೂ ನಿಂತಿದ್ದ ಪದ್ಮಿನಿಗೂ ಶೀನನಿಗೂ, ಬೇರೆ ದಾರಿ. ಅದು ಹೊರಗೆ ತಂದು ಬಿಟ್ಟ ಬೆಂಚಿನಲ್ಲಿ ಪದ್ಮಿನಿ ಪಕ್ಕಕ್ಕೆ ಸರಿದು ಜಾಗ ಮಾಡಿದಳು. “ವಿಮಲಾ ಹಾಗೇ ತೆಗೆದುಬಿಟ್ರಲ್ಲಾ! ನಾನು ಅದಕ್ಕೇ ಶೀನಾ, ಇಂಥದ್ದಕ್ಕೆ ಹೋಗಲ್ಲ ಅನ್ನೋದು. ನಮ್ಮತ್ತೆಗೆ ಗೊತ್ತಾದ್ರೆ ನೆಕ್ಸ್ಟ್ ಫ್ಲೈಟ್‌ಗೆ ಬಂದ್ಬಿಡ್ತಾರೆ.” ಸ್ವಲ್ಪ ಹೊತ್ತು ಜ್ಯೂಸು ಹೀರಿ, “ಬಿಡಿ, ಅವರವರ ಇಷ್ಟ,” ಎಂದಳು. ಆ ‘ಅವರವರ ಇಷ್ಟ’ ಅವನನ್ನು ಚುಚ್ಚಿತು. ಇವಳು ಯಾರು ನಮಗೆ ರಿಯಾಯಿತಿ ಕೊಡಲು? ಕಾಂಡೋದಲ್ಲಿ ಕೂತು ಅತ್ತೆಗೆ ಹೆದರುವ ಇವಳಿಗಿಂತ ಕಾರ್ಖಾನೆಯಲ್ಲಿ ಹನ್ನೆರಡು ತಾಸು ನಿಂತು ಬರುವ ವಿಮಲಾ ಯಾವುದರಲ್ಲಿ ಕಡಿಮೆ? ಹೀಗೆ ಹೆಂಡತಿಯ ಪರ ಕುದಿಯುತ್ತಲೇ, ಅದೇ ಉಸಿರಿನಲ್ಲಿ, ಹಾಗಾದರೆ ಅವಳು ಒಂದು ಕ್ಷಣವಾದರೂ ಅನುಮಾನಿಸಬೇಕಿತ್ತಲ್ಲ ಎಂದು ಅವಳ ಮೇಲೂ ಕುದಿದ. ಬೇಡವೆನ್ನಬೇಕಿರಲಿಲ್ಲ, ಅವನು ಅಂಥ ಗಂಡನಲ್ಲ, ಅಂಥದ್ದನ್ನೆಲ್ಲ ನಂಬುವವನೂ ಅಲ್ಲ. ಒಂದು ಸಲ ಅವನ ಮುಖ ನೋಡಿದ್ದರೆ ಸಾಕಿತ್ತು. ಕಾಪುವಿನ ಸಭಾಭವನದಲ್ಲಿ ಧಾರೆಯ ದಿನ ಅದನ್ನು ಅವಳ ಕೊರಳಿಗೆ ಹಾಕುವಾಗ ಕೊಕ್ಕೆ ಸಿಕ್ಕದೆ ಅವನು ಬೆವರಿ ಹೋಗಿದ್ದ, ಹಿಂದಿನಿಂದ ಯಾರೋ, “ಸ್ಪ್ಯಾನರ್ ಬೇಕಾ ಮಾರಾಯಾ?” ಎಂದಿದ್ದರು, ಎಲ್ಲರೂ ನಕ್ಕರೂ ಬಗ್ಗಿಸಿದ ತಲೆಯನ್ನು ವಿಮಲಾ ಅಲುಗಿಸದೆ ಹಿಡಿದಿದ್ದಳು. ಸ್ನಾನಕ್ಕೂ ತೆಗೆಯಬಾರದೆಂದು ಅವಳ ತಾಯಿ ಹೇಳಿದ್ದನ್ನು ಅವನು ಕೇಳಿದ್ದ. ಮೇಲೆ, ಕಂಬಿಗಳ ನಡುವೆ, ಗಾಡಿ ತಲೆಕೆಳಗಾಗಿ ಹಾದುಹೋಯಿತು. ಮೂರನೆಯ ಸಾಲಿನಲ್ಲಿ ಬಾಯಿ ಅಗಲಕ್ಕೆ ತೆರೆದು, ಎರಡೂ ಕೈ ಮೇಲೆತ್ತಿ ಕಿರುಚುತ್ತಿದ್ದ ಹೆಂಗಸು ಯಾರೆಂದು ತಿಳಿಯಲು ಅವನಿಗೆ ಒಂದು ಗಳಿಗೆ ಹಿಡಿಯಿತು.

ಇಳಿದು ಬಂದವಳು ಕೈ ಚಾಚಿದಳು. ಅವನು ಜೇಬಿಗೆ ಕೈ ಹಾಕಿದ. “ನೀರು,” ಎಂದಳು ಅವಳು. ಬಾಟಲಿ ಕೊಟ್ಟ. ಕೊರಳು ಮೇಲೆತ್ತಿ ಗಟಗಟ ಕುಡಿದಳು. ಕರಿಮಣಿ ಇರುತ್ತಿದ್ದ ಕಡೆ ಚರ್ಮ ತುಸು ತಿಳಿಯಾಗಿತ್ತು. “ಇನ್ನೊಂದು ಸಲ ಹೋಗುವನಾ?” ಎಂದು ಮಗಳನ್ನು ಕೇಳಿದಳು. ಆಗಲೇ ಶೀನ ನಿರ್ಧರಿಸಿದ್ದು: ಅವಳಾಗಿ ಕೇಳುವವರೆಗೆ ಕೊಡುವುದಿಲ್ಲ. ಇಂಥ ನಿರ್ಧಾರ ಸಣ್ಣತನದ್ದೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದರಿಂದ ಅದು ಇನ್ನೂ ಗಟ್ಟಿಯಾಯಿತು. ಅವರು ಎರಡನೆಯ ಸಲ ಹೋದರು, ನೀರಿನ ದೋಣಿಗೆ ಹೋದರು, ಕತ್ತಲೆಯ ಗುಹೆಗೆ ಹೋದರು; ಅವನು ಬೆಂಚಿನಿಂದ ಬೆಂಚಿಗೆ ಸಾಮಾನು ಸಾಗಿಸಿದ. ಓಡುವ ಗಾಡಿಯಲ್ಲಿ ತೆಗೆದ ಫೋಟೋ ಪರದೆಯ ಮೇಲೆ ಬಂದಾಗ ಉಮೇಶ, “ನೋಡಿ ನೋಡಿ, ವಿಮಲಾ ಫುಲ್ ರಾಕ್‌ಸ್ಟಾರ್!” ಎಂದು ಅದನ್ನು ಫೋನಿನಲ್ಲಿ ಹಿಡಿದ. ವಿಮಲಾ ಅಲ್ಲೇ ನಿಂತು ಅದನ್ನು ಉಡುಪಿಯಲ್ಲಿರುವ ಶೀನನ ಅಕ್ಕ ಸರೋಜಾಳಿಗೆ ಕಳಿಸಿದಳು. ಬರಿಗೊರಳಿನ ಫೋಟೋ, ಅವನ ಸ್ವಂತ ಅಕ್ಕನಿಗೆ! ಶೀನ ಮಧ್ಯಾಹ್ನದ ಅನ್ನ ಮುಟ್ಟದೆ ಉತ್ತರಕ್ಕೆ ಕಾದ. ಅಕ್ಕ ಕೇಳುತ್ತಾಳೆ, ಕೇಳಲಿ. ಅವನಿಂದ ಹೇಳಲಾಗದ್ದನ್ನು ಅವಳು ಹೇಳಲಿ. ಒಂದು ತಾಸಿನ ನಂತರ ಧ್ವನಿ ಸಂದೇಶ ಬಂತು: “ಏ ವಿಮಲಾ, ಟಿಕೆಟು ಎಷ್ಟು ಮಾರಾಯ್ತಿ? ಬಂದರೆ ನನ್ನನ್ನೂ ಕೂರಿಸ್ತೀಯಾ?” ಅಕ್ಕನ ನಗು ಬೆಂಚಿನವರೆಗೂ ಕೇಳಿತು. ಶೀನನಿಗೆ ಅಕ್ಕನ ಮೇಲೂ ಸಿಟ್ಟು ಬಂತು.

ಸಂಜೆ ಐದಕ್ಕೆ ಅವರು ಈಸ್ಟ್ ಕೋಸ್ಟ್ ಪಾರ್ಕಿನಲ್ಲಿ ಟೆಂಟು ಹಾಕುತ್ತಿದ್ದರು. ಒಂದು ರಾತ್ರಿಯ ಕ್ಯಾಂಪಿಂಗ್, ಮಕ್ಕಳು ತಿಂಗಳಿಂದ ಕೇಳುತ್ತಿದ್ದದ್ದು. ಪರವಾನಗಿಯನ್ನು ಶೀನ ಫೋನಿನಲ್ಲಿ ಇಟ್ಟುಕೊಂಡದ್ದಲ್ಲದೆ ಎರಡು ಪ್ರತಿ ಮುದ್ರಿಸಿ ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ ತಂದಿದ್ದ. ಸೈಕಲ್ಲಿನಲ್ಲಿ ಬಂದ ಕಾವಲಿನವನ ಕಡೆಗೆ ಅದನ್ನು ಎತ್ತಿ ಹಿಡಿದ. ಅವನು ನೋಡದೆಯೇ ಕೈ ಬೀಸಿ ಹೋದ. “ಲ್ಯಾಮಿನೇಷನ್ ಬೇರೆ ಮಾಡ್ಸಿದ್ಯಾ?” ಎಂದು ಉಮೇಶ ನಕ್ಕ. ದೂರದಲ್ಲಿ ಹಡಗುಗಳು ಸಾಲಾಗಿ ನಿಂತಿದ್ದವು, ಎಲ್ಲಿಗೂ ಹೋಗದೆ. ವಿಮಲಾ ಊರಿನಿಂದ ತರಿಸಿದ ರೊಟ್ಟಿಯ ಕಟ್ಟು ಬಿಚ್ಚಿ, ಮನೆಯಿಂದ ಮಾಡಿ ತಂದಿದ್ದ ಕೋಳಿ ಸಾರನ್ನು ಬಿಸಿ ಮಾಡಲು ಇದ್ದಿಲಿನ ಒಲೆ ಊದುತ್ತಿದ್ದಳು. ಅವಳ ಬೆರಳೆಲ್ಲ ಮಸಿ. “ಇದೇನ್ರೀ ಇದು, ಹಪ್ಪಳಕ್ಕೆ ಸಾರು ಹಾಕ್ಕೊಂಡ್ ತಿಂತೀರಾ?” ಎಂದು ಪದ್ಮಿನಿ ಕೇಳಿದಳು. “ಹಪ್ಪಳ ಅಲ್ಲ, ಕೋರಿ ರೊಟ್ಟಿ. ಒಂದ್ ಸಲ ತಿಂದ್ರೆ ನೀವು ಕಾಂಡೋ ಬಿಟ್ಟು ನಮ್ಮ ಬುಕಿತ್ ಪಂಜಾಂಗ್‌ಗೇ ಶಿಫ್ಟ್ ಆಗ್ತೀರಿ,” ಎಂದಳು ವಿಮಲಾ. ಇಷ್ಟು ಹಗುರವಾಗಿ ಮಾತಾಡುವವಳು ತನ್ನ ಮನೆಯಲ್ಲಿ ಯಾಕೆ ಮಾತಾಡುವುದಿಲ್ಲ ಎಂದು ಶೀನ ಟೆಂಟಿನ ಗೂಟಕ್ಕೆ ಹೊಡೆಯುತ್ತಾ ಯೋಚಿಸಿದ. ಗೂಟ ಬಗ್ಗಿತು. ಬಲಜೇಬಿನಲ್ಲಿದ್ದದ್ದು ಬಗ್ಗಿದಾಗಲೆಲ್ಲ ತೊಡೆಗೆ ಒತ್ತುತ್ತಿತ್ತು. ಏಳು ತಾಸು ಆಗಿತ್ತು ಅವಳು ಅದನ್ನು ಕೊಟ್ಟು. ಕೀಲಿ ಕಳೆದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಫೋನು ಕಳೆದರೆ ಎರಡು ನಿಮಿಷ.

“ವಿಮಲಾ, ನಿನಗೆ ಏನೋ ಮರೆತಿದೆ ಅಂತ ಅನ್ನಿಸೋದಿಲ್ವಾ?” ಎಂದ. ಎಲ್ಲರೂ ಇರುವಾಗ ಕೇಳಬಾರದೆಂದುಕೊಂಡಿದ್ದ, ಬಾಯಿ ಕೇಳಿಬಿಟ್ಟಿತು.

ಅವಳು ತಲೆಯೆತ್ತಿದಳು. “ಏನು, ಉಪ್ಪಾ? ಬ್ಯಾಗಲ್ಲಿ ಇದೆಯಲ್ಲ.”

“ಉಪ್ಪಲ್ಲ.” ಅವನು ಜೇಬಿನಿಂದ ಕರಿಮಣಿಯನ್ನು ಎಳೆದು ಎತ್ತಿ ಹಿಡಿದ. ಜೇಬಿನಲ್ಲಿದ್ದ ಟಿಶ್ಯೂ ಒಂದು ಅದಕ್ಕೆ ಸಿಕ್ಕಿಕೊಂಡಿತ್ತು.

“ಓ, ಅದಾ! ನಿಮ್ಮ ಹತ್ರ ಇದೆ ಅಂತ ಗೊತ್ತಲ್ಲ.” ಮಸಿಯ ಕೈಗಳನ್ನು ತೋರಿಸಿದಳು. ಮತ್ತೆ ಒಂದು ಕ್ಷಣ ಅವನ ಮುಖ ನೋಡಿ, ನಗು ನಿಲ್ಲಿಸಿ, “ಸರಿ, ನೀವೇ ಹಾಕಿ,” ಎಂದು ಕುಳಿತಲ್ಲಿಂದಲೇ ತಲೆ ಬಗ್ಗಿಸಿದಳು.

ಉಮೇಶ ಚಪ್ಪಾಳೆ ತಟ್ಟಿದ. “ಹಾಕಪ್ಪಾ, ಸೆಕೆಂಡ್ ಮ್ಯಾರೇಜ್! ಪದ್ಮಿನಿ, ಅಕ್ಷತೆ ಎಲ್ಲಿ? ಚಿಪ್ಸ್ ಆದ್ರೂ ಕೊಡೇ. ಸಿದ್ಧಾಂತ್, ಗಟ್ಟಿಮೇಳ!” ಸಿದ್ಧಾಂತ್ ಪಾತ್ರೆಯ ಮುಚ್ಚಳ ಬಡಿದ. ಪದ್ಮಿನಿ ಫೋನು ಎತ್ತಿ, “ತಡೀರಿ ತಡೀರಿ, ವಿಡಿಯೋ ಮಾಡ್ತೀನಿ,” ಎಂದಳು. ಎದುರಿಗೆ ಬಗ್ಗಿದ ಕತ್ತು, ಬೆವರಿಗೆ ಅಂಟಿದ ಕೂದಲು, ಬೆಳಗಿನ ಸನ್‌ಸ್ಕ್ರೀನಿನ ಬಿಳಿ ಗೆರೆ. ಹಾಕಿದ್ದರೆ ಮುಗಿಯುತ್ತಿತ್ತು. ಈಗ ಬರೆಯುವಾಗಲೂ ಅನಿಸುತ್ತದೆ, ಅಷ್ಟು ಸುಲಭವಿತ್ತು. “ಇದು ತಮಾಷೆಯ ವಿಷಯ ಅಲ್ಲ!” ಎಂದು ಶೀನ ಕಿರುಚಿ, ಅದನ್ನು ಮತ್ತೆ ಜೇಬಿಗೆ ತುರುಕಿದ. ಪಕ್ಕದ ಟೆಂಟಿನ ಮಲಯ ಕುಟುಂಬದವರು ತಿರುಗಿ ನೋಡಿದರು. ಮುಚ್ಚಳದ ಸದ್ದು ನಿಂತಿತು. ವಿಮಲಾ ಬಗ್ಗಿಸಿದ ತಲೆಯನ್ನು ನಿಧಾನವಾಗಿ ಎತ್ತಿ ಮತ್ತೆ ಒಲೆಯ ಕಡೆ ತಿರುಗಿದಳು. ಆಗ ಯಶ್ಮಿತಾ ಹೇಳಿದಳು, ಅವನಿಗೆ ಸಮಾಧಾನ ಹೇಳುವ ದನಿಯಲ್ಲಿ: “ಪಪ್ಪಾ, ವೈ ಯು ಸೋ ಆಂಗ್ರಿ? ಅಮ್ಮ ಡೈಲಿ ತೆಗೀತಾಳಲ್ಲಾ, ವರ್ಕ್‌ನಲ್ಲಿ. ಯು ಡೋಂಟ್ ನೋ ಆಹ್?”

ತಟ್ಟೆಗಳನ್ನು ತೊಳೆಯುವ ನಲ್ಲಿ ನೂರು ಹೆಜ್ಜೆ ದೂರದಲ್ಲಿತ್ತು. ಊಟದ ನಂತರ ಶೀನ, ವಿಮಲಾ ಇಬ್ಬರೂ ಅವನ್ನು ಹೊತ್ತು ಅಲ್ಲಿಗೆ ನಡೆದರು. ಜನರೆದುರಿನ ಕನ್ನಡ ಬಿಟ್ಟು ವಿಮಲಾ ಮನೆಯ ತುಳುವಿನಲ್ಲಿ ಶುರು ಮಾಡಿದಳು, ನಲ್ಲಿಯ ಸದ್ದಿಗಿಂತ ತುಸುವೇ ಮೇಲಿನ ದನಿಯಲ್ಲಿ. “ಹನ್ನೊಂದು ವರ್ಷ ಆಯಿತು. ಕಂಪ್ಯೂಟರ್ ಚಿಪ್ ಮಾಡುವ ಕೋಣೆಗೆ ಹೋಗುವ ಮೊದಲು ಮೈಮೇಲೆ ಒಂದು ಚೂರು ಲೋಹ ಇರಬಾರದು. ಬಿಳಿ ಅಂಗಿ, ಬಿಳಿ ಟೊಪ್ಪಿ, ಕಣ್ಣು ಮಾತ್ರ ಹೊರಗೆ. ಕರಿಮಣಿ ಲಾಕರಿನಲ್ಲಿ. ಮೊದಲ ದಿನ ನಿಮ್ಮನ್ನು ಕೇಳಿದೆ ಅಲ್ಲವಾ? ಮೇಜಿನ ಹತ್ತಿರ ನಿಂತು ಕೇಳಿದೆ. ಮಾರನೇ ದಿನ ನಿಮಗೆ ಪರೀಕ್ಷೆ. ಪುಸ್ತಕದಿಂದ ತಲೆ ಎತ್ತದೆ, ‘ಲೋಹ ತಾನೇ, ತೆಗೆದಿಡು’ ಅಂದ್ರಿ.” ಒಂದು ತಟ್ಟೆ ತೊಳೆದಿಟ್ಟಳು. “ಆ ದಿನ ಬಸ್ಸಿನಲ್ಲಿ ಇಡೀ ದಾರಿ ಅತ್ತಿದ್ದೇನೆ. ಆಮೇಲೆ ಅಭ್ಯಾಸ ಆಯಿತು. ಈಗ ನೀವು ಎಂಥದ್ದು, ಹೊಸತಾಗಿ?”

ಹಾಗೆ ಹೇಳಿದ್ದು ಅವನಿಗೆ ನೆನಪಿರಲಿಲ್ಲ. ಹೇಳಿರಲಿಕ್ಕಿಲ್ಲ ಎನ್ನಲೂ ಆಗಲಿಲ್ಲ. ಅದು ಅವನದೇ ಧಾಟಿ. ಆ ವರ್ಷದ ಸಂಜೆಗಳಲ್ಲಿ ಅವನಿಗೆ ನೆನಪಿರುವುದು ಪುಸ್ತಕದ ಮೇಲೆ ಬೀಳುವ ದೀಪ, ಲೋಹದ ದಣಿವಿನ ಪಾಠ, ಎಷ್ಟು ಸಲ ಬಗ್ಗಿಸಿದರೆ ಯಾವುದು ಮುರಿಯುತ್ತದೆ ಎಂಬ ಕೋಷ್ಟಕ. ಪಕ್ಕದಲ್ಲಿ ಒಬ್ಬಳು ಬಂದು ನಿಂತದ್ದು ಅದರಲ್ಲಿಲ್ಲ. “ನನಗೆ ಹೇಳಬಹುದಿತ್ತು,” ಎಂದ. “ಏನು ಹೇಳುವುದು?” “ದಿನಾ ತೆಗೆಯುತ್ತೀಯ ಅಂತ.” ಅವಳು ನಲ್ಲಿ ನಿಲ್ಲಿಸಿದಳು. “ನಿಮ್ಮ ನಿಶ್ಚಿತಾರ್ಥದ ಉಂಗುರ ಎಲ್ಲಿ ಉಂಟು?” ಉಬಿಯಲ್ಲಿ, ಅವನ ಕಪಾಟಿನ ಮೇಲಿನ ಅಂಕಣದಲ್ಲಿ, ವಾಷರುಗಳ ಡಬ್ಬಿಯಲ್ಲಿ. ಎಷ್ಟು ವರ್ಷದಿಂದ ಎಂದು ಅವನಿಗೇ ಗೊತ್ತಿಲ್ಲ. “ನಾನು ಯಾವತ್ತಾದರೂ ಕೇಳಿದೆನಾ?” ಎಂದು ಅವಳು ತಟ್ಟೆಗಳನ್ನು ಎದೆಗವಚಿಕೊಂಡು ಹೊರಟಳು. ಅವನು ಅಲ್ಲೇ ನಿಂತ. ಅನ್ಯಾಯ ಎನಿಸಿತು ಅವನಿಗೆ. ಬೆಳಿಗ್ಗೆಯಿಂದ ಒಂದೊಂದಾಗಿ ಕೂಡಿಹಾಕಿದ ಸಿಟ್ಟು ಅಷ್ಟೂ ಇತ್ತು, ಇಳಿಸಿ ಇಡಲು ಯಾರೂ ಉಳಿದಿರಲಿಲ್ಲ. ಹುಡುಗಿಯ ಮೇಲೆ ಆಗದು, ಪದ್ಮಿನಿಯ ಮೇಲೆ ಆಗದು, ವಿಮಲಾಳ ಮೇಲಂತೂ ಇನ್ನು ಆಗದು. ತನ್ನ ಮೇಲೆ ತಾನು ಸಿಟ್ಟಾಗುವುದನ್ನು ಅವನು ಮೊದಲಿಂದಲೂ ಚೆನ್ನಾಗಿ ಬಲ್ಲ. ಆದರೆ ಅದರಿಂದ ಎಂದೂ ಯಾರಿಗೂ ಉಪಯೋಗವಾದದ್ದಿಲ್ಲ. ಜೊತೆಗೆ ಒಂದು ಸಣ್ಣ ಪ್ರಶ್ನೆ ಉತ್ತರವಿಲ್ಲದೆ ಉಳಿದಿತ್ತು: ಕೆಲಸದ ದಿನ ತೆಗೆಯುವವಳು ಕೆಲಸ ಮುಗಿದ ಮೇಲೆ ಹಾಕಿಕೊಳ್ಳುತ್ತಾಳೆ. ಇವತ್ತು ರೈಡು ಮುಗಿದ ಮೇಲೆ ಯಾಕೆ ಕೇಳಲಿಲ್ಲ?

ಬೆಳಿಗ್ಗೆ ಅವನು ಎದ್ದಾಗ ವಿಮಲಾ ಮೊಣಕಾಲವರೆಗೆ ಪ್ಯಾಂಟು ಮಡಚಿ ನೀರಿನ ಅಂಚಿನಲ್ಲಿ ನಿಂತಿದ್ದಳು. ರಾತ್ರಿಯಿಡೀ ಜೋಡಿಸಿಟ್ಟ ಮಾತುಗಳನ್ನು ಹಿಡಿದುಕೊಂಡು ಅವನು ಹತ್ತಿರ ಹೋದ. ಹೇಳಿದ್ದು ಒಂದನ್ನೇ: “ಹಾಕಲಾ?” ಅವಳು ಸಿಟ್ಟಾಗಿರಲಿಲ್ಲ. ಅವನ ಕೈಯಲ್ಲಿದ್ದದ್ದನ್ನು ನೋಡಿ, “ಈಗ ಬೇಡ, ಮೈಯೆಲ್ಲ ಮರಳು. ಉಪ್ಪು ನೀರಿಗೆ ತಂತಿ ಹಾಳಾಗ್ತದೆ. ಮನೆಗೆ ಹೋಗಿ ಕೊಡಿ,” ಎಂದಳು. ಸರಿಯಾದ ಕಾರಣ. ತಂತಿಯ ಬಗ್ಗೆ ಅವನಿಗೆ ಹೇಳಿಕೊಡಬೇಕಾಗಿಯೂ ಇರಲಿಲ್ಲ. ಒಂದು ವಿಮಾನ ಗಾಲಿ ಚಾಚಿಕೊಂಡು ಚಾಂಗಿ ವಿಮಾನ ನಿಲ್ದಾಣದ ಕಡೆ ಇಳಿಯಿತು. ಅವಳು ಅದು ಮರೆಯಾಗುವವರೆಗೆ ನೋಡಿದಳು. “ಆ ರೈಡು ಉಂಟಲ್ಲ,” ಎಂದಳು ತುಳುವಿನಲ್ಲಿ, ಅವನಿಗೆ ಹೇಳುತ್ತಿದ್ದಾಳೋ ತನಗೇ ಹೇಳಿಕೊಳ್ಳುತ್ತಿದ್ದಾಳೋ, “ಮೇಲೆ ಹೋಗಿ ಒಂದು ಕ್ಷಣ ನಿಲ್ಲುತ್ತದೆ. ಆಗ ಮೈಮೇಲೆ ಏನೂ ಭಾರ ಇರುವುದಿಲ್ಲ ಮಾರಾಯ್ರೆ. ಏನೂ.” ಅವನು, “ಅದು ಗುರುತ್ವಾಕರ್ಷಣೆಯ…” ಎಂದು ಶುರು ಮಾಡಿ ನಿಲ್ಲಿಸಿದ. ಹಿಂದಿನಿಂದ ಉಮೇಶ, “ಕಾಫಿ ರೆಡಿ, ನ್ಯೂಲಿ ಮ್ಯಾರೀಡ್ ಕಪಲ್!” ಎಂದು ಕೂಗಿದ. ಒಳ್ಳೆಯ ಮನಸ್ಸಿನಿಂದಲೇ ಕೂಗಿದ. ಶೀನ ನಗಲು ಪ್ರಯತ್ನಿಸಿದ.

ಭಾನುವಾರ ಮಧ್ಯಾಹ್ನ ಮನೆಯಲ್ಲಿ ಅವನು ಕರಿಮಣಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಟಿಶ್ಯೂವಿನ ಚೂರುಗಳನ್ನು ಸೂಜಿಯಿಂದ ತೆಗೆದು, ಬಾಗಿಲ ಬಳಿಯ ಹಲಗೆಯ ಮೇಲೆ, ಅವಳ ಕೀಲಿ ಮತ್ತು ಕಾರ್ಖಾನೆಯ ಕಾರ್ಡಿನ ಪಕ್ಕ ಇಟ್ಟ. “ಇಲ್ಲಿಟ್ಟಿದ್ದೇನೆ,” ಎಂದ. “ಆಯಿತು,” ಎಂದಳು. ಅವಳು ಸ್ನಾನ ಮಾಡಿದಳು, ಟೆಂಟಿನ ಬಟ್ಟೆ ಒಗೆಯಲು ಹಾಕಿದಳು, ಯಶ್ಮಿತಾಳ ಸ್ಪೆಲಿಂಗ್ ಕೇಳಿದಳು, ಅನ್ನ ಬಡಿಸಿದಳು, ನಿದ್ದೆ ಮಾಡಿದಳು. ಹಲಗೆಯ ಮುಂದೆ ನಾಲ್ಕೈದು ಸಲ ಹಾದುಹೋದಳು. ಅವನು ಎಣಿಸುವುದನ್ನು ನಿಲ್ಲಿಸಿದ.

ಸೋಮವಾರ ಅವಳ ಪಾಳಿ. ಐದಕ್ಕೆ ಅಲಾರಂ. ಶೀನನಿಗೆ ಎಚ್ಚರವಾಗಿತ್ತು, ಮಲಗುವ ಕೋಣೆಯ ಬಾಗಿಲು ತೆರೆದಿತ್ತು, ದಿಂಬಿನಿಂದ ತುಸು ತಲೆಯೆತ್ತಿದರೆ ಹಲಗೆ ಕಾಣುತ್ತದೆ. ಅವನು ಕಣ್ಣು ಮುಚ್ಚಿಕೊಂಡ. ಡಬ್ಬಿಯ ಮುಚ್ಚಳ ಒತ್ತಿದ ಸದ್ದು, ಬ್ಯಾಗಿನ ಜಿಪ್ಪು, ಕೀಲಿಗೊಂಚಲು. ಅದರ ಹಿಂದೆಯೇ ಮಣಿಗಳು ಹಲಗೆಯ ಮೇಲೆ ಒಂದಿಷ್ಟು ಸರಿದವು. ಆಮೇಲೆ ಏನೂ ಕೇಳಲಿಲ್ಲ. ಆ ನಿಶ್ಶಬ್ದ ಒಂದು ಸರವನ್ನು ತಲೆಯ ಮೇಲಿಂದ ಹಾಕಿಕೊಳ್ಳಲು ಸಾಕಾಗುವಷ್ಟಿತ್ತು. ಬಗ್ಗಿ ಚಪ್ಪಲಿ ಮೆಟ್ಟಲೂ ಸಾಕಾಗುವಷ್ಟಿತ್ತು. ಆ ಹೊತ್ತಿನಲ್ಲಿ ಅವನು ಕಣ್ಣು ಬಿಡಬಹುದಿತ್ತು. ಬಾಗಿಲು ಎಳೆದುಕೊಂಡಿತು. ಎದ್ದು ಹೋಗಿ ನೋಡಿದಾಗ ಹಲಗೆಯ ಮೇಲೆ ಏನೂ ಇರಲಿಲ್ಲ.

ರಾತ್ರಿ ಊಟದ ಹೊತ್ತಿಗೆ ಅವಳು ಮರಳಿದಾಗ ಕರಿಮಣಿ ಕೊರಳಲ್ಲಿತ್ತು, ಎಂದಿನಂತೆ. “ಕುಚ್ಚಲಕ್ಕಿ ತಂದ್ರಾ?” ಎಂದು ಕೇಳಿದಳು. ತಂದಿದ್ದೇನೆಂದ. ಅಂದಿನಿಂದಲೂ ಅವಳು ಹಾಗೆಯೇ ಹೋಗುತ್ತಾಳೆ, ಹಾಗೆಯೇ ಬರುತ್ತಾಳೆ. ಬೆಳಿಗ್ಗೆ ಅದು ಹೊರಡುವುದು ಕೊರಳಲ್ಲೋ ಬ್ಯಾಗಿನಲ್ಲೋ, ಸಂಜೆ ಅವಳು ಅದನ್ನು ಹಾಕಿಕೊಳ್ಳುವುದು ಕಾರ್ಖಾನೆಯ ಲಾಕರಿನ ಮುಂದೆಯೋ, ಕಂಪನಿ ಬಸ್ಸಿನಲ್ಲೋ, ಮನೆ ಹತ್ತಿರ ಬಂತೆಂದು ಬ್ಲಾಕಿನ ಲಿಫ್ಟಿನಲ್ಲೋ, ಶೀನನಿಗೆ ತಿಳಿದಿಲ್ಲ. ಕೇಳಿದರೆ ಹೇಳಿಯಾಳು. ಅವನು ಕೇಳಿಲ್ಲ. ಆ ಶನಿವಾರ ಅವಳು ಮರೆತಿದ್ದಳೋ, ಬೇಡವಾಗಿತ್ತೋ, ಅದೂ ನನಗೆ ಗೊತ್ತಿಲ್ಲ.